ದೋಣಿಯ ಹುಡುಗಿಗೆ ನರೆ ಬಂದಿದೆ

ಯಕ್ಷಿತಾ,

ನೀನು ಕಾಯುತ್ತಿದ್ದ ಆರನೇ ಪುಸ್ತಕ ಬಂದಿದೆ. ನಿನ್ನ ಗೆಳೆಯರು ಇವತ್ತು ದಾದರ್‌ನ ಹೋಟೆಲೊಂದರಲ್ಲಿ ಸೇರಿ ಅದರ ಬಗ್ಗೆ ಮಾತಾಡಿದರು. ರೋಶನ್ ಫೋನ್ ಮಾಡಿ ನನ್ನನ್ನೂ ಕರೆದಿದ್ದ. ನೀನು ತೀರಿಕೊಂಡ ಮೇಲೆ ನಾನು ಮೊದಲಿನ ಐದನ್ನೂ ಓದಿದ್ದೇನೆಂದು ಅವನಿಗೆ ಗೊತ್ತು. ನನ್ನ ಇಂಗ್ಲಿಷಿಗೆ ಅದು ಬಹಳ ಕಾಲ ಹಿಡಿಯಿತು. ನೀನು ಆ ಕಥೆ ಹೇಳಲು ಬಂದಾಗಲೆಲ್ಲ ನನಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸವಿರುತ್ತಿತ್ತು.

ಕಥೆ ಈಗ ಇಪ್ಪತ್ತು ವರ್ಷ ಮುಂದಕ್ಕೆ ಹಾರಿದೆ. ಮಾಯದ ನದಿಯಲ್ಲಿ ದೋಣಿ ನಡೆಸುತ್ತಿದ್ದ ಹುಡುಗಿ ಈಗ ನಡುವಯಸ್ಸಿನ ಹೆಂಗಸು. ನಿನ್ನ ಗೆಳತಿ ಶೀತಲಳಿಗೆ ಅದೇ ಸಿಟ್ಟು.

"ಮಧ್ಯದಲ್ಲಿ ಏನಾಯ್ತು ಅಂತ ಹೇಳ್ಬೇಕಲ್ಲ? ಇಷ್ಟು ವರ್ಷ ಡೈರೆಕ್ಟ್ ಸ್ಕಿಪ್ ಮಾಡಿದ್ರೆ ಚೀಟಿಂಗ್ ಅಲ್ವಾ, ಆಂಟಿ?"

ಎಲ್ಲರೂ ನನ್ನತ್ತ ನೋಡಿದರು.

"ನಂಗೆ ಅದೆಲ್ಲ ಗೊತ್ತಾಗುದಿಲ್ಲ ಮಗಾ," ಎಂದೆ. "ಅವಳ ತಲೆ ನರೆತಿದೆ ಅಂತ ಬರ್ದಿದ್ದಾರಲ್ಲ, ಅದನ್ನು ಓದಿ ಖುಷಿ ಆಯ್ತು."

ಶೀತಲ ತನ್ನ ತಟ್ಟೆಯಲ್ಲಿದ್ದ ಬನ್ಸ್ ಮುರಿದು ಅರ್ಧ ನನಗೆ ಕೊಟ್ಟಳು.

ದಹಿಸರ್‌ಗೆ ಮರಳುವಾಗ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವಳ ನರೆಯ ಬಗ್ಗೆ ಬರೆದ ಪುಟವನ್ನು ಮತ್ತೆ ಓದಿದೆ. ನಮ್ಮ ಮನೆಯ ಹೆಂಗಸರಿಗೆಲ್ಲ ಮೂವತ್ತು ತುಂಬುವಷ್ಟರಲ್ಲಿ ಕಿವಿಯ ಮೇಲೆ ಮೊದಲ ಬಿಳಿ ಕೂದಲು ಕಾಣಿಸಿಕೊಳ್ಳುತ್ತದೆ. ನಿನಗೂ ಈ ವರ್ಷ ಬರುತ್ತಿತ್ತು.

ಅಮ್ಮ