ಮದುವೆಯಾಗಿಲ್ಲ ಎಂಬ ಸರ್ಟಿಫಿಕೇಟು

ಮೊಗ್ರಾಲ್
18-8-2025

ಪ್ರೀತಿಯ ನಮಿತಾ,

ಅಮ್ಮನ ಆಶೀರ್ವಾದಗಳು. ಎರಡು ವಾರದಿಂದ ನಿನ್ನ ಫೋನು ಎತ್ತಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಸಿಟ್ಟಿನಿಂದಲ್ಲ. ಎಂತ ಮಾತಾಡಬೇಕೆಂದೇ ತಿಳಿಯಲಿಲ್ಲ. ಹೊಲಿಗೆ ಅಂಗಡಿಯಲ್ಲಿ ಕೂತರೂ ಕೈ ಓಡದೆ, ಒಬ್ಬರ ರವಿಕೆಗೆ ಎರಡೂ ಎಡತೋಳೇ ಹೊಲಿದಿಟ್ಟೆ.

ನೀನೇ ಯೋಚಿಸು. 'ಮದುವೆಯಾಗಿಲ್ಲ ಅಂತ ವಿಲ್ಲೇಜ್ ಆಫೀಸಿನಿಂದ ಸರ್ಟಿಫಿಕೇಟ್ ಬೇಕಮ್ಮ, ಅರ್ಜೆಂಟ್' ಎಂದು ಹಾಲೆಂಡಿನಿಂದ ಮಗಳು ಹೇಳಿದರೆ ಯಾವ ತಾಯಿಯಾದರೂ ಎಂತ ಅಂದುಕೊಳ್ಳಬೇಕು? ನಮ್ಮಲ್ಲಿ ಅದನ್ನು ಕೇಳುವವರೆಲ್ಲ ಮದುವೆಗೆ ಹೊರಟವರೇ. ಪಕ್ಕದ ಮನೆಯ ಬಟ್ಯಣ್ಣನನ್ನು ಸಾಕ್ಷಿಗೆ ಕರೆದುಕೊಂಡು ಹೋದೆ. 'ನಾನು ಎತ್ತಿ ಆಡಿಸಿದ ಮಗು ಸಾರ್, ಮದುವೆ ಎಂತದ್ದೂ ಆಗ್ಲಿಲ್ಲ' ಎಂದು ಅವರು ಸಹಿ ಹಾಕಿದರು. ಮಲಯಾಳಿ ಆಫೀಸರು 'ಕಲ್ಯಾಣ ಯಾವಾಗ ಚೇಚಿ?' ಎಂದರು. ಅಲ್ಲಿದ್ದವರಿಗೆಲ್ಲ ಲಡ್ಡು ಹಂಚಿ, ಬರುವ ದಾರಿಯಲ್ಲಿ ಕುಂಬಳೆಯಲ್ಲಿಳಿದು ಧಾರೆ ಸೀರೆಯನ್ನೂ ನೋಡಿ ಬಂದೆ.

ಅದೇ ಸಂಜೆ ನೀನು ಹೇಳಿದೆ: 'ಮದುವೆಗಲ್ಲಮ್ಮ. ಮದುವೆಯಾಗದೆ ಜೊತೆಗಿರುವವರಿಗೂ ಇಲ್ಲಿ ವಿಸಾ ಉಂಟು. ಬೇರೆ ಯಾರನ್ನೂ ಮದುವೆಯಾಗಿಲ್ಲ ಅಂತ ತೋರಿಸ್ಬೇಕು, ಅಷ್ಟೆ.' ತಿಯಾಗೊ ಬರೀ ಮನೆ ಹಂಚಿಕೊಂಡ ಸ್ನೇಹಿತ ಎಂದೇ ನಂಬಿದ್ದೆ. ಅವನು ಪೋರ್ಚುಗಲಿನವನು, ನೀನು ಇಲ್ಲಿಯವಳು, ಇರುವುದು ಇಬ್ಬರದ್ದೂ ಅಲ್ಲದ ದೇಶದಲ್ಲಿ, ಕುತ್ತಿಗೆಯಲ್ಲಿ ತಾಳಿಯೂ ಇಲ್ಲ. ಆದರೂ ಸರಕಾರ ಒಪ್ಪುತ್ತದಂತೆ. ಹಾಗಾದರೆ ಮದುವೆಯೇ ಆಗಿಬಿಡಿ ಎಂದೆ. 'ವಿಸಾಕ್ಕೋಸ್ಕರ ಮದುವೆ ಆಗುವುದಿಲ್ಲ' ಎಂದುಬಿಟ್ಟೆ ನೀನು.

ಅಪ್ಪ ದಿನಾ ಊಟಕ್ಕೆ ಕೂತಾಗ ಬೈಯುತ್ತಾರೆ. 'ಆ ಸರ್ಟಿಫಿಕೇಟನ್ನು ಹರಿದು ಬಿಸಾಡು. ವಿಸಾ ಮುಗಿದ್ರೆ ತನ್ನಷ್ಟಕ್ಕೇ ಬರ್ತಾಳೆ' ಎನ್ನುತ್ತಾರೆ. ಸುಳ್ಳು ಹೇಳುವುದಿಲ್ಲ, ನನಗೂ ಒಮ್ಮೆ ಹಾಗೇ ಅನ್ನಿಸಿತು. ಬರುವ ತಿಂಗಳು ನಿನ್ನ ಕೆಲಸದ ವಿಸಾ ಮುಗಿಯುತ್ತದೆ. ಇದು ತಲುಪದಿದ್ದರೆ ಅವನನ್ನು ಬಿಟ್ಟು ನೀನು ಬರಲೇಬೇಕು.

ಆದರೆ ನಿನ್ನ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳಿದೆ. ಅವನು ಕೆಲಸಕ್ಕೆ ರಜೆ ಹಾಕಿ, ಯಾವ ವಿಸಾ ಸಿಗುತ್ತದೆಂದು ಕಚೇರಿ, ವಕೀಲರು ಎಂದೆಲ್ಲ ಅಲೆಯುತ್ತಿದ್ದಾನಂತೆ, ನೀನು ಜೊತೆಗಿರಬೇಕೆಂದು. ನನಗೆ ಇದೆಲ್ಲ ಒಪ್ಪಿಗೆಯಾಯಿತು ಎಂದಲ್ಲ. ಆದರೂ ಬೇಕಾದ ಸೀಲೆಲ್ಲ ಹಾಕಿಸಿ ಸರ್ಟಿಫಿಕೇಟನ್ನು ಈ ಕೊರಿಯರಿನಲ್ಲೇ ಕಳಿಸುತ್ತಿದ್ದೇನೆ. ಅಪ್ಪನಿಗೆ ಹೇಳಿಲ್ಲ.

ಲಡ್ಡು ತಿಂದವರು ಮದುವೆ ಯಾವಾಗ ಎಂದು ಕೇಳಿದರೆ ನಾನು ನೋಡಿಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ಅಮ್ಮ,
ತುಂಗಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಮೊನ್ನೆ ಬೈಯುವ ಭರದಲ್ಲಿ ಅಪ್ಪ ಹೇಳಿದರು, 'ಬಹರೈನಿನಲ್ಲಿ ನನಗೂ ಕಂಪೆನಿಯವರು ಫ್ಯಾಮಿಲಿ ವಿಸಾ ಕೊಡ್ತೇವೆ ಅಂದಿದ್ರು. ನಾನೇ ಬೇಡ ಅಂದೆ. ಹೆಂಗಸರು ಊರಲ್ಲಿದ್ದರೇ ಚಂದ.' ಅವರು ಅಲ್ಲಿದ್ದದ್ದು ಇಪ್ಪತ್ತು ವರ್ಷ ಮಗಳೇ. ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದೆ, ಸಿಗುವುದಿಲ್ಲ ಎನ್ನುತ್ತಿದ್ದರು. ನಾನು ಪಾಸ್‌ಪೋರ್ಟನ್ನೂ ಮಾಡಿಸಿಟ್ಟಿದ್ದೆ. 'ಗಂಡ ನಿನ್ನನ್ನು ಯಾಕೆ ಕರೆದುಕೊಂಡು ಹೋಗುವುದಿಲ್ಲ?' ಎಂದು ಊರವರು ಕೇಳಿದಾಗ, 'ಪಾಪ, ಅವರು ಎಷ್ಟು ಓಡಾಡಿದರೂ ವಿಸಾ ಆಗುವುದಿಲ್ಲ' ಎಂದು ನಾನೇ ಹೇಳುತ್ತಾ ಬಂದೆ.