ಎಡಗೈ ಆಚಾರಿ

ಚಂದನ ಮೇಡಂ ಅವರಿಗೆ ಶಿವಾರಪಟ್ಟಣದ ಸರಸಮ್ಮ ಮಾಡುವ ನಮಸ್ಕಾರ.

ನಿಮ್ಮ ಮಾನವಶಾಸ್ತ್ರದ ಪುಸ್ತಕಕ್ಕೆ ವಿಶ್ವವಿದ್ಯಾಲಯದ ಪ್ರಶಸ್ತಿ ಬಂದದ್ದನ್ನು ಪೇಪರಿನಲ್ಲಿ ಓದಿ ಸಂತೋಷವಾಯಿತು. ಅದರಲ್ಲಿ ನೀವು ಬರೆದಿರುವ ನಮ್ಮೂರ ಕೆರೆ ಏರಿಯ ಮೇಲಿನ ಕೊಲೆಯನ್ನು ಕಣ್ಣಾರೆ ಕಂಡು ನಿಮಗೆ ಹೇಳಿದವರು ನಮ್ಮನೆಯವರು. ಮಾತು ಕೊಟ್ಟಂತೆ ಅವರ ಹೆಸರನ್ನು ಬದಲಾಯಿಸಿದ್ದೀರಿ. ಆದರೆ ‘ಎಡಗೈಯಲ್ಲಿ ಸುತ್ತಿಗೆ ಹಿಡಿಯುವ ಶಿಲ್ಪಿ’ ಎಂದು ಬರೆದುಬಿಟ್ಟಿದ್ದೀರಿ.

ಕೊಂದವರು ಸೋಮವಾರ ನಿಮ್ಮ ಪುಸ್ತಕ ಹಿಡಿದುಕೊಂಡೇ ಬಂದರು. “ಏನ್ಲಾ ಆಚಾರಿ, ಊರಾಗೆ ಎಡಗೈಯೋನು ನೀನೊಬ್ನೇ ಅಲ್ವೇನೋ?” ಎಂದು ಒಬ್ಬ ನಕ್ಕ. ಅರ್ಧ ಕೆತ್ತಿದ ನಂದಿಯ ಬೆನ್ನಿನ ಮೇಲೆ ಆ ಕೈ ಇಡಿಸಿ, ನಮ್ಮನೆಯವರ ಸುತ್ತಿಗೆಯಿಂದಲೇ ಒಂದೊಂದು ಬೆರಳನ್ನೂ ಜಜ್ಜಿದರು. ಡಾಕ್ಟರು ಕೈಯನ್ನೇ ತೆಗೆದರು.

ಮುಂದಿನ ಮುದ್ರಣದಲ್ಲಿ ದಯವಿಟ್ಟು ‘ಬಲಗೈ’ ಎಂದು ತಿದ್ದಿ. ಸುಳ್ಳು ಬರೆದಂತೇನೂ ಆಗುವುದಿಲ್ಲ, ಮೇಡಂ. ಉಳಿದಿರುವುದು ಅದೊಂದೇ.

ಇತಿ,
ನಿಮಗೆ ಮುದ್ದೆ ಬಡಿಸಿದ
ಸರಸಮ್ಮ