ನಾಲ್ಕನೆಯ ಕಾಲು

ಅವ್ವಾ,

ಇಂಡಿ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ನೀನು ಬೇಳೆ ಆರಿಸುತ್ತ ಕುಳಿತಿದ್ದೆ. ನಮ್ಮ ಮನೆತನದಲ್ಲಿ ಮಲಗುವ ಹೊರಸು, ತೊಟ್ಟಿಲು, ಮಣೆ ಮಾಡಿದವರ ಹೆಸರುಗಳನ್ನು ನಾನು ನೋಟುಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆಯುತ್ತಿದ್ದೆ. ಅಪ್ಪ, ಅಜ್ಜ, ಮುತ್ತಜ್ಜ. ನೀನು ತಲೆ ಎತ್ತದೆ ಕೇಳಿದೆ, "ನನ್ನ ಹೆಸರು ಎಲ್ಲಿ ಬರ್ತೈತಿ ತಮ್ಮಾ?"

ನಾನು ನಕ್ಕೆ. "ಇದು ಬಡಿಗತನ ಮಾಡಿದವರ ಪಟ್ಟಿ, ಅವ್ವಾ."

"ಹೌದಲ್ಲ. ನಾ ಬರೇ ಹಗ್ಗ ಜಗ್ಗೇನಿ," ಎಂದವಳೇ ಮೊರ ಎತ್ತಿಕೊಂಡು ಒಳಗೆ ಹೋದೆ. ಸಾಲಿ ಮಾಸ್ತರನಾದ ನನ್ನ ಜಾಣತನಕ್ಕೆ ಬೆಂಕಿ ಹಾಕಬೇಕು.

ಕಟ್ಟಿಗೆ ಕಡೆಯುವ ಅಪ್ಪನ ತಿರುಗಣಿ ನೆನಪಾಗುತ್ತದೆ. ಕಟ್ಟಿಗೆಗೆ ಸುತ್ತಿದ ಹಗ್ಗದ ಎರಡೂ ತುದಿ ಹಿಡಿದು ನೀನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಗ್ಗುತ್ತಿದ್ದೆ. ಕಟ್ಟಿಗೆ ತಿರುಗಿದಂತೆ ಅಪ್ಪ ಉಳಿ ಹಿಡಿಯುತ್ತಿದ್ದ, ಹೊರಸಿನ ಕಾಲಿಗೆ ಉಂಗುರ ಮೂಡುತ್ತಿದ್ದವು. ಬಂದವರೆಲ್ಲ ಅಪ್ಪನ ಕೈ ಹೊಗಳಿ ಹೋಗುತ್ತಿದ್ದರು. ನಿನ್ನ ಅಂಗೈ ದಡ್ಡುಗಟ್ಟಿದ್ದನ್ನು ಯಾರಾದರೂ... ನಾನಾದರೂ ನೋಡಿದ್ದೆನೇ?

ನೀನು ತೀರಿಹೋದ ಮರುವರ್ಷ, ಅಪ್ಪ ಮಾಡಿದ ಸಾಮಾನು ಹುಡುಕುತ್ತ ಸಿಂದಗಿ ಸುತ್ತಿ ಮುದ್ದೇಬಿಹಾಳಕ್ಕೆ ಹೋದೆ. ಮೊದಲು ಇಂಡಿಯಲ್ಲಿ ನಮ್ಮ ಓಣಿಯಲ್ಲೇ ಇದ್ದ ಮಹಿಬೂಬಸಾಬರ ಮನೆಯಲ್ಲಿ ಅಪ್ಪನ ಹೊರಸು ಸಿಕ್ಕಿತು. ಮೂರು ಕಾಲಿನ ಉಂಗುರ ನುಣುಪು, ನಾಲ್ಕನೆಯದರವು ಏರುಪೇರು. ಅಪ್ಪನ ಕೈ ತಪ್ಪಿದೆ ಎಂದುಕೊಂಡು ನಾಚಿಕೆಯಾಗಿ ಕ್ಯಾಮೆರಾ ಚೀಲದಲ್ಲೇ ಇಟ್ಟೆ.

"ಅದನ್ನ ನಾ ಕೆಡಿಸಿದ್ದರಿ," ಎಂದರು ಅವರು. "ನನ್ನ ಲಗ್ನ ಹತ್ರ ಬಂದಿತ್ತು. ನಿಮ್ಮವ್ವ ನಿಮ್ಮನ್ನ ಹಡದು ಬಾಣಂತಿ ಇದ್ರು. ಅಕಿ ಏಳಲಿ, ಆಮ್ಯಾಲೆ ಮಾಡ್ತೇನಿ ಅಂದ್ರು ನಿಮ್ಮಪ್ಪ. ನಾ ಎಲ್ಲಿ ಕೇಳ್ತೇನಿ? ಹಗ್ಗ ಜಗ್ಗೂದು ಏನ್ ದೊಡ್ಡ ಕೆಲಸ ಅಂತ ನಾನೇ ಕುಂತೆ. ಅದೇ ಉಳಿ, ಅದೇ ಕೈ. ಕಾಲು ಮಾತ್ರ ಹಿಂಗಾತು ನೋಡ್ರಿ."

ರೀಲಿನಲ್ಲಿ ಎರಡೇ ಫೋಟೊ ಉಳಿದಿದ್ದವು. ಎರಡನ್ನೂ ಆ ನಾಲ್ಕನೆಯ ಕಾಲಿಗೇ ಮುಗಿಸಿದೆ. ಬಸ್ಸು ಬಸವನ ಬಾಗೇವಾಡಿ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅಳುತ್ತಲೇ ಬಂದೆ.

ಅವ್ವಾ, ಅಪ್ಪನ ಹೆಸರಿನ ಬದಿಗೆ ನಿನ್ನ ಹೆಸರು ಬರೆದಿದ್ದೇನೆ. ಕೆಲಸ, ಬಡಿಗತನ. ಅಜ್ಜನ ಬದಿಗೆ ಅಜ್ಜಿಯನ್ನೂ ಬರೆದೆ. ಮುತ್ತಜ್ಜನ ಸಾಲಿಗೆ ಬಂದು ಪೆನ್ನು ನಿಂತಿತು. ಅವನಿಗೆ ಹಗ್ಗ ಜಗ್ಗಿದವಳ ಕತೆಗಳನ್ನು ಅಜ್ಜಿ ನಿನಗೆ ಹೇಳುತ್ತಿದ್ದಳಲ್ಲ, ಅವಳ ಹೆಸರೇನು? ಅಂದು ನಗುವ ಬದಲು ಕೇಳಿದ್ದರೆ ನೀನು ಬೇಳೆ ಆರಿಸುತ್ತಲೇ ಹೇಳಿಬಿಡುತ್ತಿದ್ದೆ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಸಿಗುವವರೆಗೂ ಹುಡುಕುತ್ತೇನೆ.

ನೀನು ‘ತಮ್ಮಾ’ ಎಂದು ಕರೆಯುತ್ತಿದ್ದ ನಿನ್ನ ಮಗ